ಟ್ರಾಫಿಕ್ ಹುಡುಕುವ ಭಾವ

ಪುಣೆಯಲ್ಲಿ ಟ್ರಾಫಿಕ್ ಜಾಮ್ ತಪ್ಪಿಸಿಕೊಳ್ಳಲು ಎಲ್ಲರೂ ಗಲ್ಲಿಗಲ್ಲಿ ನುಗ್ಗುತ್ತಾರೆ. ಅದನ್ನು ಹುಡುಕಿಕೊಂಡು ಹೋಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಅಕ್ಕನ ಗಂಡ! ಸಂಜೆ ಆಫೀಸುಗಳು ಬಿಡುವ ಹೊತ್ತಿಗೆ ಕೋಥರೂಡಿನ ಮನೆಯಿಂದ ಹಳೆಯ ಕಾರು ತೆಗೆದು, ಎಲ್ಲಿ ಹಾರ್ನ್ ಜೋರಾಗಿದೆಯೋ ಅಲ್ಲಿಗೆ ಹೊರಡುತ್ತಾರೆ. ರಸ್ತೆ ಖಾಲಿ ಸಿಕ್ಕರೆ ಮುಖ ಸಪ್ಪಗಾಗುತ್ತದೆ. ಸಿಗ್ನಲ್ ಹಸಿರಾದರೆ, "ಛೇ, ಬಿಟ್ಟs ಬಿಟ್ಟ ನೋಡು" ಎನ್ನುತ್ತಾರೆ.

ಇದೆಲ್ಲ ಶುರುವಾದದ್ದು ಅಕ್ಕನ ಡಯಾಲಿಸಿಸ್‌ನಿಂದ. ಆಸ್ಪತ್ರೆ ಊರಿನ ಆ ತುದಿಗೆ. ರಿಕ್ಷಾದ ಕುಲುಕಾಟಕ್ಕೆ ಅವಳಿಗೆ ವಾಂತಿಯಾಗುತ್ತಿತ್ತು. ಹಾಗಾಗಿ ಕಾರೇ ಗತಿ. ಆ ಕಾರೋ, ದೊಡ್ಡ ರಸ್ತೆಯಲ್ಲಿ ಓಡುವಾಗ ಪರ್ಫೆಕ್ಟ್ ಲೇಡಿ. ಜಾಮಿನಲ್ಲಿ ತೆವಳತೊಡಗಿದರೆ ಮಾತ್ರ ಜ್ವರ ಬಂದವರ ಹಾಗೆ ಕಾಯುತ್ತಿತ್ತು!

ಭಾವ ಗ್ಯಾರೇಜಿಗೆ ಒಯ್ದರು. ಮೇಸ್ತ್ರಿ ಊರಾಚೆಯ ಸಾಸವಡದ ದಾರಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಕಾಕಾ, ಗಾಡಿ ಏಕ್ದಮ್ ಫಿಟ್ ಆಹೆ" ಅಂದ. ಯಾರೋ ಹೇಳಿದರು, ಹೀಟರ್ ಹಾಕಿದರೆ ಎಂಜಿನ್ನಿನ ಕಾವು ಒಳಗೆ ಬಂದು ಅದು ತಣ್ಣಗಾಗುತ್ತದೆ ಎಂದು. ಏಪ್ರಿಲ್ ತಿಂಗಳ ಪುಣೆ, ಮೇಲೆ ಹೀಟರ್! ಭಾವನ ಶರ್ಟು ಹಿಂಡುವಷ್ಟು ಒದ್ದೆ. ಜೊತೆಗೆ ಹೋದ ನಾನು ಬೆಂದ ಬದನೆಕಾಯಿ. ಅಕ್ಕನಿಗೋ, ರಕ್ತವೇ ಇಲ್ಲದ ಮೈ, ಬೇಸಿಗೆಯಲ್ಲೂ ಚಳಿ. ಹಿಂದಿನ ಸೀಟಿನ ಎಡ ಮೂಲೆಯಲ್ಲಿ ಶಾಲು ಹೊದ್ದು, "ಭಾಳ ಹಿತ ಅನಸ್ತದ ರೀ, ದಿನಾ ಹಿಂಗs ಹಚ್ಚರಿ" ಎಂದಳು. ನಾನು ನಕ್ಕುಬಿಟ್ಟೆ. ಅಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು.

ಅಂದು ಸೇತುವೆಯ ಮೇಲೆ ಕಾರು ನಿಂತಿತು. ಹಿಂದಿನವರ ಬೈಗುಳ, ಮುಂದೆ ಹಬೆ. ರಿಕ್ಷಾ ಹಿಡಿದು ಆಸ್ಪತ್ರೆ ಮುಟ್ಟುವಾಗ ಅಕ್ಕನ ಸರದಿ ತಪ್ಪಿತ್ತು. ಮರುದಿನ ಅವಳ ಮುಖ ಊದಿ, ಉಸಿರು ಸಣ್ಣ ಸೀಟಿ ಹೊಡೆಯುತ್ತಿತ್ತು. ಆಸ್ಪತ್ರೆಯಲ್ಲಿ ತುರ್ತಾಗಿ ಡಯಾಲಿಸಿಸ್ ಮಾಡಿದರು, ಹೇಗೋ ದಾಟಿತು. ಆದರೆ ಮನೆಗೆ ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿದಳು.

"ಇನ್ನ ನಾ ಬರಂಗಿಲ್ರಿ. ನೀವು ಒಬ್ಬರs ಹೋದಾಗ ಗಾಡಿ ಸುಮ್ಮನs ಓಡತದ. ನಾ ಕೂತರ ಅಷ್ಟs ಕುದೀತದ. ಅದಕ್ಕೂ ನಾ ಸಾಕಾಗೇನಿ."

ಅವಳು ಹೇಳಿದ್ದು ನಿಜವೇ ಇತ್ತು! ಮುಂದಿನ ಸರದಿಯನ್ನೂ ಬಿಟ್ಟರೆ ಏನಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು.

ಭಾವ ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸಿ ರಿಟೈರ್ ಆದವರು. "ಏ ಕಾನ್ವೆಂಟ್, ನಡಿ" ಅಂದರು. (ಧಾರವಾಡದ ನನ್ನ ಶಾಲೆಯನ್ನು ಅಕ್ಕನನ್ನು ಮದುವೆಯಾದಂದಿನಿಂದ ಹೀಗೆ ಹಂಗಿಸುತ್ತಿದ್ದಾರೆ. ನನಗೀಗ ಮೊಮ್ಮಕ್ಕಳಿದ್ದಾರೆ!) ಕಂಟ್ರೋಲ್ಡ್ ಎಕ್ಸ್‌ಪೆರಿಮೆಂಟ್ ಅಂತೆ. ಅಕ್ಕನ ಜಾಗದಲ್ಲಿ ನಾನು, ಅವಳದೇ ದಿಂಬು, ಅವಳದೇ ನೀರಿನ ಬಾಟಲಿ. ಕರ್ವೆ ರೋಡಿನ ಜಾಮಿನಲ್ಲಿ ನಿಂತು ಎಂಜಿನ್ನಿನ ಕಾವು ತೋರುವ ಮುಳ್ಳು ನೋಡುವುದು. ಮುಳ್ಳು ಅಲುಗಲಿಲ್ಲ. ಮರುದಿನ ಲಕ್ಷ್ಮೀ ರೋಡು. ಅಲ್ಲೂ ಇಲ್ಲ.

"ಭಾವಾ, ಹಿಂದ ಒಬ್ಬರು ಕೂತರ ಗಾಡಿಗೆ ಭಾರ ಆಗತದ. ಅದಕ್ಕ ಇರಬೇಕು."

"ಹಂಗಾದರ ನಿನ್ನ ಕೂಡಿಸಿದಾಗ ಗಾಡಿ ಸುಟ್ಟs ಹೋಗಬೇಕಿತ್ತು. ಸುಮ್ಮನ ಮುಳ್ಳು ನೋಡು!"

ತಮಾಷೆ ಅಷ್ಟೇ. ಅವರು ಮಾತ್ರ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಸರದಿಗೆ ಒಂದೇ ದಿನ ಉಳಿದಿತ್ತು.

ಅಂದು ನನಗೆ ನೆಗಡಿ. ಸೀನುತ್ತಾ ಅಕ್ಕನ ಶಾಲು ಎಳೆದುಕೊಂಡು, "ಆ ಎ.ಸಿ. ಬಂದ್ ಮಾಡ್ರಿ" ಎಂದೆ. ಸ್ವಲ್ಪ ಹೊತ್ತಿಗೆ ಮುಳ್ಳು ಮೆಲ್ಲಗೆ ಏಳತೊಡಗಿತು.

"ಏರ್ತು! ಏರ್ತು!" ಭಾವ ಕೂಗಿದ ಸಂಭ್ರಮಕ್ಕೆ ಪಕ್ಕದ ಸ್ಕೂಟರಿನಾಕೆ, ಒಳಗೆ ಹೆರಿಗೆಯಾಯಿತೋ ಎಂಬಂತೆ ಇಣುಕಿದಳು. ಕಾರನ್ನು ಬದಿಗೆ ತಂದು, ಎಂಜಿನ್ ಚಾಲೂ ಇಟ್ಟೇ ಬಾನೆಟ್ ಎತ್ತಿದರು. ರೇಡಿಯೇಟರಿನ ಫ್ಯಾನು ಸತ್ತಂತೆ ನಿಂತಿತ್ತು. "ಎ.ಸಿ. ಹಚ್ಚು!" ಹಚ್ಚಿದೆ. ಗಿರ್ರ್ ಎಂದು ತಿರುಗಿತು. "ಬಂದ್ ಮಾಡು!" ನಿಂತಿತು.

ಅರ್ಥವಾಯಿತಲ್ಲ? ಆ ಫ್ಯಾನಿಗೆ ಇಬ್ಬರು ಯಜಮಾನರು. ಎ.ಸಿ. ಹಾಕಿದರೂ ತಿರುಗಬೇಕು, ಎಂಜಿನ್ ಕಾದರೂ ತಿರುಗಬೇಕು. ಕಾವು ತಿಳಿದು ಅದನ್ನು ಎಬ್ಬಿಸುವ ಸ್ವಿಚ್ಚು ಸತ್ತಿತ್ತು. ಮೇಸ್ತ್ರಿ ಓಡಿಸಿದ್ದು ಖಾಲಿ ರಸ್ತೆಯಲ್ಲಿ, ಗಾಳಿಯೇ ಸಾಕಿತ್ತು. ಒಬ್ಬರೇ ಹೋಗುವಾಗ ತಮಗಾಗಿ, ನಾನಿದ್ದಾಗ ನಾದಿನಿಗೆ ಶೆಕೆಯಾಗಬಾರದೆಂದು ಎ.ಸಿ. ಹಾಕುತ್ತಿದ್ದರು. ಅಕ್ಕನಿಗೆ ಚಳಿಯೆಂದು, ಅವಳು ಕೂತಾಗ ಮಾತ್ರ ಬಂದ್. ದಿಂಬು, ಬಾಟಲಿ ಎಲ್ಲ ಸರಿ ಇಟ್ಟ ಫಿಸಿಕ್ಸ್ ಮಾಸ್ತರರು ಇದೊಂದನ್ನು ಮರೆತಿದ್ದರು!

ಅಂದೇ ಸ್ವಿಚ್ಚು ಬದಲಾಯಿತು. ಕೆಟ್ಟದ್ದನ್ನು ತಂದು ಅಕ್ಕನ ಅಂಗೈಯಲ್ಲಿಟ್ಟರು. "ನೋಡು, ತಪ್ಪು ಇದರದು. ಗಾಡಿಗೆ ನಿನ್ನ ಮ್ಯಾಲೆ ಸಿಟ್ಟಿಲ್ಲ."

ಹೆಬ್ಬೆರಳಿನಷ್ಟು ಗಾತ್ರದ ಅದನ್ನು ಅಕ್ಕ ಹೊರಳಿಸಿ ನೋಡಿದಳು. "ಇಷ್ಟs ಏನ್ರಿ?"

"ಇಷ್ಟs."

ಅದನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು: "ನಾಳೆ ಎಷ್ಟಕ್ಕ ಹೊರಡೋದು?"

ಆಮೇಲೆ ಅದೇ ಅವರ ಆಟವಾಯಿತು. ಜಾಮಿನಲ್ಲಿ ಫ್ಯಾನು ಗಿರ್ರ್ ಎಂದೊಡನೆ ಭಾವ, "ಕೇಳ್ತೇನು?" ಎನ್ನುವರು. ಹಿಂದಿನಿಂದ ಅಕ್ಕ, "ಹೂಂ ರೀ, ಬಂತು." ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಕಾರು ಮತ್ತೆ ಕುದಿಯಲಿಲ್ಲ. ಮುಂದಿನ ಬೇಸಿಗೆಗೆ ಅಕ್ಕ ಇರಲಿಲ್ಲ.

ಭಾವ ಮಾತ್ರ ಇವತ್ತಿಗೂ ಸಂಜೆ ಜಾಮ್ ಹುಡುಕುತ್ತಾರೆ. ಮಕ್ಕಳು ತಲೆ ಕೆಟ್ಟಿದೆ ಎನ್ನುತ್ತಾರೆ. ಮೊನ್ನೆ ನಾನೂ ಹೋಗಿ ಹಿಂದೆ ಕೂತೆ. ಎಡ ಮೂಲೆಯಲ್ಲಿ ಶಾಲು ಮಡಿಸಿಟ್ಟಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು.

"ಈಗರೆ ಎ.ಸಿ. ಹಚ್ಚಬಾರದೇನ್ರಿ, ಭಾವಾ?"

ಅವರು ಹಚ್ಚಲಿಲ್ಲ. ಕಾಯುತ್ತಾ ಕೂತರು. ಮುಳ್ಳು ಸ್ವಲ್ಪ ಏರಿತು, ಫ್ಯಾನು ತಾನಾಗಿ ತಿರುಗಿತು.

"ಕೇಳ್ತೇನು?" ಎಂದರು. ಕಾನ್ವೆಂಟ್ ಅನ್ನಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಆ ಮೂಲೆಯ ಮೇಲಿತ್ತು.

ನಾನು ಮೆಲ್ಲಗೆ ಅತ್ತ ಸರಿದು, ಆ ಶೆಕೆಯಲ್ಲೇ ಶಾಲು ಹೊದ್ದುಕೊಂಡೆ.

"ಹೂಂ ರೀ, ಬಂತು."