ಎರಡು ಗಿಟಾರು, ಒಂದು ಟಕ್

ಬೆಳಿಗ್ಗೆ ಎಂಟಕ್ಕೆ ವಾಚು ಮಾಮನಿಗೆ ವಾದ್ಯತಂಡದ ಯಜಮಾನರಿಂದ ಫೋನು ಬಂತು. "ಹೋದ ವಾರ ನೀವು ನುಡಿಸಿದ್ದನ್ನ ಕೇಳ್ದೆ. ಮಧ್ಯೆ ಮಧ್ಯೆ ಟಕ್, ಟಕ್ ಅಂತ ಒಂದು ಸದ್ದು ಬರುತ್ತಲ್ಲ, ಅದರ ವಿಷಯ ಮಾತಾಡೋದಿದೆ. ನಾಲ್ಕು ಗಂಟೆಗೆ ರೆಕಾರ್ಡಿಂಗು. ಮಫ್ಲರ್‌ಗೂ ಬರೋಕೆ ಹೇಳಿದೀನಿ." ಇಷ್ಟು ಹೇಳಿ ಇಟ್ಟೇಬಿಟ್ಟರು.

ಮಫ್ಲರ್ ಎಂದರೆ ಬಿರುಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತಿಕೊಂಡು ತಿರುಗುವ, ಮಾಮನಿಗಿಂತ ಇಪ್ಪತ್ತು ವರ್ಷ ಚಿಕ್ಕ ಆಸಾಮಿ. ಅವನೂ ನುಡಿಸುವುದು ಪೆಡಲ್ ಸ್ಟೀಲ್ ಗಿಟಾರನ್ನೇ. ಗಿಟಾರನ್ನು ಅಂಗಾತ ಮಲಗಿಸಿ ನಾಲ್ಕು ಕಾಲು ಕೊಟ್ಟ ಹಾಗಿರುತ್ತದೆ ಆ ವಾದ್ಯ. ಎಡಗೈಯಲ್ಲಿ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಬೇಕು, ಬಲಗೈಯಲ್ಲಿ ಮೀಟಬೇಕು, ಪಾದದಲ್ಲಿ ಪೆಡಲ್ ತುಳಿಯಬೇಕು, ಮಂಡಿಯಲ್ಲಿ ಲಿವರು ತಳ್ಳಬೇಕು. ಪುರುಸೊತ್ತಾಗಿರುವುದು ಬಾಯೊಂದೇ. ತಂಡದಲ್ಲಿ ಅದಕ್ಕೆ ಇರುವುದು ಒಂದೇ ಕುರ್ಚಿ, ಅದರಲ್ಲಿ ಇಪ್ಪತ್ತೆರಡು ವರ್ಷದಿಂದ ಮಾಮ ಕೂತಿದ್ದರು. ವಾಚು ರಿಪೇರಿ ಮಾಡಿ ಮಾಡಿ ಬಾಗಿದ ಅವರ ಬೆನ್ನು ನೆಟ್ಟಗಾಗುತ್ತಿದ್ದದ್ದು ಅಲ್ಲೊಂದು ಕಡೆ ಮಾತ್ರ. ಆ ಕುರ್ಚಿ ಕೈತಪ್ಪುವ ಯೋಚನೆಯೇ ಅವರಿಗೆ ಸಹಿಸಲಾಗಲಿಲ್ಲ.

ಮಾಮ ತಮ್ಮ ಮುದಿ ವಾದ್ಯದ ಮೇಲೆ ಗೂಬೆ ಕೂರಿಸಿ, ಪರಿಚಯದ ವಾದ್ಯದಂಗಡಿಗೆ ಓಡಿ, ಒಂದು ದಿನದ ಪರೀಕ್ಷೆಗೆಂದು ಎರಡು ಗಿಟಾರು ಹೊರಿಸಿಕೊಂಡು ಬಂದರು. "ಒಂದು ಇಟ್ಕೊಳ್ಳಿ, ಒಂದು ವಾಪಸ್ ಕೊಡಿ. ಆದ್ರೆ ಮುರಿದದ್ದು ಮಾತ್ರ ನಿಮ್ಮದೇ," ಎಂದಿದ್ದ ಅಂಗಡಿಯವನು.

ಒಂದು ಮರದ್ದು, ಹಳೆಯದು. ಸ್ವರವೆಂದರೆ ಸ್ವರ! ಮೀಟಿ, ಎದ್ದು, ನೀರು ಕುಡಿದು ಬಂದರೂ ಇನ್ನೂ ಗುಂಯ್ ಎನ್ನುತ್ತಿತ್ತು. ಆದರೆ ಪೆಡಲು ತುಳಿದು ಬಿಟ್ಟರೆ ತಂತಿಯ ಶ್ರುತಿ ಹೊರಟ ಜಾಗಕ್ಕೆ ಸರಿಯಾಗಿ ಬರದೆ ಕೂದಲೆಳೆಯಷ್ಟು ತಗ್ಗಿನಲ್ಲಿ ನಿಲ್ಲುತ್ತಿತ್ತು. ಇನ್ನೊಂದು ಅಲ್ಯೂಮಿನಿಯಮ್ಮಿನದು, ಹೊಚ್ಚ ಹೊಸದು. ಲಿವರು ಬೆಣ್ಣೆ, ಶ್ರುತಿ ಹೋಗಿ ಬರುವುದು ಗಡಿಯಾರದಷ್ಟು ಕರಾರುವಾಕ್ಕು. ಸ್ವರ ಮಾತ್ರ ನೆಗಡಿಯಾದವರು ಹಾಡಿದಂತೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಮಾಮ ನಿಟ್ಟುಸಿರುಬಿಟ್ಟು ಮರದ್ದರ ಲಿವರು ತಳ್ಳಿದರು.

ಟಕ್.

ಗಾಬರಿಯಾಗಿ ಅಲ್ಯೂಮಿನಿಯಮ್ಮಿನದರ ಮುಂದೆ ಕೂತು ತಳ್ಳಿದರು. ಅಲ್ಲೂ ಟಕ್!

ಸದ್ದು ಕೇಳಿ ಮಹಡಿಯಿಂದ ಮೇಸ್ತ್ರಿ ಇಳಿದು ಬಂದ. ಹೊಲಿಗೆ ಮೆಷಿನ್ ರಿಪೇರಿಯವನು. ಪೆಡಲಿರುವ ವಸ್ತುವೆಲ್ಲ ತನ್ನ ಸೀಮೆಗೆ ಸೇರಿದ್ದು ಎಂದು ಅವನ ನಂಬಿಕೆ. ಹಿಂದೆಯೇ ಎದುರುಮನೆಯ ನಿವೃತ್ತ ಮೇಷ್ಟ್ರೂ ಬಂದು ನೆಲದ ಮೇಲೆ ಮಲಗಿ, ವಾದ್ಯದ ಹೊಟ್ಟೆಗೆ ಕಿವಿ ಕೊಟ್ಟರು.

"ಸ್ವರದಲ್ಲಿ ಮರದ್ದಕ್ಕೆ ಎಂಬತ್ತು, ಇದಕ್ಕೆ ಮೂವತ್ತೈದು," ಎಂದು ಮೇಷ್ಟ್ರು ಅಂಕ ಕೊಟ್ಟರು. "ಶಿಸ್ತಿನಲ್ಲಿ ಎರಡೂ ಫೇಲು."

ಮೇಸ್ತ್ರಿ ಎಣ್ಣೆ ಬಿಟ್ಟು, ಲಿವರನ್ನು ಕೈಯಿಂದ ತಳ್ಳಿದ. ಸದ್ದಿಲ್ಲ. "ನೋಡಿದ್ರಾ? ನನ್ನ ಕೈ ಬಿದ್ರೆ ಬಾಲ ಮುದುರ್ಕೊಳ್ಳುತ್ತೆ!"

ಮಾಮ ಕೂತು ತಳ್ಳಿದರು. ಟಕ್.

"ನಿಮ್ಮನ್ನ ಕಂಡ್ರೆ ಆಗಲ್ಲ ಮಾಮ ಅದಕ್ಕೆ," ಎಂದ ಮೇಸ್ತ್ರಿ, ಮಾಮ ಬೇಡ ಬೇಡವೆಂದರೂ ಮರದ್ದರ ಅಡಿಗೆ ಸ್ಕ್ರೂಡ್ರೈವರ್ ತೂರಿಸಿದ. ಪಿಂಗ್ ಎಂದು ಒಂದು ಸ್ಪ್ರಿಂಗು ಹಾರಿ, ಮೇಷ್ಟ್ರ ಬೋಳುತಲೆಗೆ ತಾಗಿ, ಕಿಟಕಿಯಿಂದಾಚೆ ನೆಗೆದು ಚರಂಡಿ ಸೇರಿತು. ಎಂಬತ್ತು ಅಂಕದ ವಾದ್ಯ ಕಾಲು ಮುರಿದ ಕೋಳಿಯಂತೆ ಒಂದು ಪೆಡಲು ಜೋತುಬಿಟ್ಟು ನಿಂತಿತು.

"ಇದು ಮೊದಲೇ ಲೂಸಿತ್ತು," ಎಂದ ಮೇಸ್ತ್ರಿ.

ಅಷ್ಟರಲ್ಲಿ ಮಾಮನ ಹೆಂಡತಿ ಒಳಗಿನಿಂದ ಬಂದರು. "ಊಟ ಆರ್ತಾ ಇದೆ, ಏಳ್ತೀರೋ ಇಲ್ವೋ?"

ಮಾಮ ಎದ್ದರು. ಟಕ್.

ವಾದ್ಯವನ್ನು ಯಾರೂ ಮುಟ್ಟಿರಲಿಲ್ಲ. ಹೆಂಡತಿ ಹಣೆ ಚಚ್ಚಿಕೊಂಡರು.

"ಇದಕ್ಕಾ ಬೆಳಗ್ಗಿಂದ ಇಷ್ಟೆಲ್ಲ ರಾಮಾಯಣ? ಅದು ನಿಮ್ಮ ಮಂಡಿ ಕಣ್ರೀ! ನಾಲ್ಕು ವರ್ಷದಿಂದ ಕೇಳ್ತಾ ಇದೀನಿ."

"ಮೊದಲೇ ಹೇಳೋಕೇನಾಗಿತ್ತೇ?"

"ನೀವು ಗಿಟಾರಿನ ಗುಣ ನೋಡ್ತಿದ್ರಿ. ಮಂಡಿ ಗುಣ ಯಾರು ಕೇಳಿದ್ರು?"

ಮಾಮನಿಗೆ ಅವಮಾನಕ್ಕಿಂತ ಸಂತೋಷವೇ ಹೆಚ್ಚಾಯಿತು. ರೋಗ ಗೊತ್ತಾದ ಮೇಲೆ ಮದ್ದಿಗೇನು ಬರ? ಮಂಡಿಗೆ ಬಿಸಿ ಎಣ್ಣೆ ತಿಕ್ಕಿಸಿಕೊಂಡರು, ಶಾಖ ಕೊಡಿಸಿಕೊಂಡರು, ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡರು. ಮೂರು ಗಂಟೆಗೆ ಮಡಿಸಿ ನೋಡಿದರೆ ಮಂಡಿ ಸೊಲ್ಲೆತ್ತಲಿಲ್ಲ. ಇವತ್ತೊಂದು ದಿನ ಕೈಯಲ್ಲಿದೆಯಲ್ಲ ಎಂದು ಅಲ್ಯೂಮಿನಿಯಮ್ಮಿನದನ್ನೇ ಗಾಡಿಗೇರಿಸಿ, ಗೆದ್ದ ಪೈಲ್ವಾನನಂತೆ ಹೊರಟರು.

ಯಜಮಾನರು ಕಣ್ಣು ಮುಚ್ಚಿ ಕೇಳಿದರು. ಮಾಮ ಇಡೀ ಹಾಡನ್ನು ಒಂದೇ ಒಂದು ಟಕ್ ಇಲ್ಲದೆ ನುಡಿಸಿ ಮುಗಿಸಿ, ಮಫ್ಲರಿನ ಕಡೆ ಓರೆಗಣ್ಣಲ್ಲಿ ನೋಡಿದರು.

"ಟಕ್ ಎಲ್ರೀ?" ಎಂದರು ಯಜಮಾನರು.

"ತೆಗೆಸ್ಬಿಟ್ಟೆ ಸಾರ್!"

"ತೆಗೆಸಿದ್ರಾ? ಅಯ್ಯೋ ನಿಮ್ಮ! ಅದೇ ಕಣ್ರೀ ನನಗೆ ಬೇಕಾಗಿದ್ದು! ಆ ಹಾಡಿಗೆ ಜೀವ ಬಂದಿದ್ದೇ ಆ ಟಕ್ಕಿನಿಂದ. ಇನ್ನೂ ನಾಲ್ಕು ಕಡೆ ಹಾಕಿ ಅಂತ ಹೇಳೋಕೇ ಕರೆಸಿದ್ದು ನಿಮ್ಮನ್ನ! ಇವನನ್ನ ಕರೆಸಿದ್ದೂ ಅದನ್ನ ನೋಡಿ ಕಲೀಲಿ ಅಂತ!"

ಮಾಮ ಪಟ್ಟಿ ಕಿತ್ತೆಸೆದರು. ಮಡಿಸಿದರು, ಚಾಚಿದರು, ಕುಕ್ಕರಗಾಲಲ್ಲಿ ಕೂತೆದ್ದರು. ಎಣ್ಣೆ ಕುಡಿದ ಮಂಡಿ ತುಟಿಪಿಟಕ್ಕೆನ್ನಲಿಲ್ಲ. ಯಜಮಾನರು ಗಡಿಯಾರ ನೋಡಿ, ಮಫ್ಲರನ್ನು ಕುರ್ಚಿಗೆ ಕರೆದರು. ಮಾಮ ಗೋಡೆ ಪಕ್ಕದ ಬೆಂಚಿನ ಮೇಲೆ ಕುಸಿದರು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು.

ಮಫ್ಲರ್ ನುಡಿಸತೊಡಗಿದ. ಎರಡನೇ ಸಾಲು ಮುಗಿಯುವ ಹೊತ್ತಿಗೆ ಸಂಕಟ ತಡೆಯಲಾರದೆ ಮಾಮ ಕಾಲು ಮಡಿಸಿದರು.

ಟಕ್!

ತಾಳಕ್ಕೆ ಸರಿಯಾಗಿ ಬಿತ್ತು.

"ಬಂತು!" ದೀಪ ಆರಿದ್ದೇ ತಡ ಯಜಮಾನರು ಮಫ್ಲರನ್ನು ತಬ್ಬಿಕೊಂಡರು. "ನುಡಿಸೋದು ಅಂದ್ರೆ ಇದು! ಇನ್ನುಮೇಲೆ ಈ ಕುರ್ಚಿ ನಿನ್ನದು."

"ಸಾರ್, ಅದು ನನ್ನ ಮಂಡಿ!" ಮಾಮ ಅಳುವುದೊಂದು ಬಾಕಿ.

"ಸೋತವರು ನೂರು ಹೇಳ್ತಾರೆ. ಎಲ್ಲಿ, ಮಾಡಿ ತೋರಿಸಿ."

ಮಾಮ ಹತ್ತು ಸಲ ಮಡಿಸಿದರು. ಮಂಡಿ ಮೌನವ್ರತ ಬಿಡಲಿಲ್ಲ. ಯಜಮಾನರು ತಲೆಯಾಡಿಸುತ್ತ ಒಳಗೆ ಹೋದರು.

ಮಫ್ಲರ್ ಮೆಲ್ಲಗೆ ಬಂದು ಬೆಂಚಿನ ಮೇಲೆ ಕೂತ. ಅತ್ತಿತ್ತ ನೋಡಿ, ಮಾಮನ ಕಿವಿಯ ಹತ್ತಿರ ಬಗ್ಗಿದ.

"ನಾಳೆ ಇನ್ನೂ ಮೂರು ಹಾಡಿದೆ ಮಾಮ. ನೀವು ಬಂದು ಇಲ್ಲೇ ಕೂತಿದ್ರೆ ನನಗೊಂದು ಧೈರ್ಯ," ಎಂದ. "ಮಂಡಿಗೆ ಎಣ್ಣೆ ಮಾತ್ರ ಹಚ್ಕೋಬೇಡಿ."