ಬುದ್ಧಮ್ಮೋರ ಗುಡ್ಡಕ್ಕೆ ಸೋಲಾರ್ ಹತ್ತಿಸಿದ್ದು

ನಂಜನಗೂಡಿನಲ್ಲಿ ಸೋಲಾರ್ ಅಂಗಡಿ ಇಟ್ಟುಕೊಂಡವನಿಗೆ ತಲೆ ಕೆಡಲು ಬೇರೆ ಕಾರಣ ಬೇಕಿಲ್ಲ. ಮೋಡ ಕವಿದರೆ ಸಾಕು, ವಾಟರ್ ಹೀಟರ್ ಹಾಕಿಸಿಕೊಂಡವರೆಲ್ಲ ಫೋನ್ ಮಾಡಿ ಬೈಯುತ್ತಾರೆ, ಮೋಡವನ್ನು ನಾನೇ ಗಾಡಿ ಮಾಡಿ ಕಳಿಸಿದ ಹಾಗೆ. ಇಂಥದ್ದು ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತದೆ. ನಡೆಯದ ವಾರ ನನಗೇ ಏನೋ ಕಳಕೊಂಡ ಹಾಗಿರುತ್ತದೆ. ಆದರೆ ಇಷ್ಟು ವರ್ಷದ ತಲೆನೋವುಗಳನ್ನೆಲ್ಲ ತಕ್ಕಡಿಯ ಒಂದು ಕಡೆಗೆ ಹಾಕಿ, ಬುದ್ಧಮ್ಮೋರ ಗುಡ್ಡದ ಕೆಲಸವೊಂದನ್ನೇ ಇನ್ನೊಂದು ಕಡೆಗೆ ಹಾಕಿದರೆ, ಗುಡ್ಡವೇ ಕೆಳಕ್ಕೆ ಕೂರುತ್ತದೆ.

ಗುಡ್ಡ ಇರುವುದು ಹದಿನಾರು ಅನ್ನುವ ಊರು ದಾಟಿ ನರಸೀಪುರದ ಕಡೆಗೆ. ಬಸ್ಸಿಳಿದು, ಗದ್ದೆ ಬದುವಿನ ಮೇಲೆ ನಡೆದು, ಆಮೇಲೆ ಬಂಡೆ ಹತ್ತಬೇಕು. ಮೇಲೆ ಬೌದ್ಧ ಭಿಕ್ಷುಣಿಯರ ಪುಟ್ಟ ವಿಹಾರ. ತಲೆ ಬೋಳಿಸಿಕೊಂಡು ಕಾವಿ ಉಟ್ಟ ನಾಲ್ಕೈದು ಜನ ಹೆಂಗಸರು. ಸುತ್ತಲ ಹಳ್ಳಿಯವರು ಅವರನ್ನು ಬುದ್ಧಮ್ಮೋರು ಅಂತಾರೆ, ಅವರಲ್ಲಿ ಹಿರಿಯರನ್ನು ದೊಡ್ಡಮ್ಮೋರು ಅಂತಾರೆ. ದೊಡ್ಡಮ್ಮೋರು ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಸೂಜಿ ಚುಚ್ಚುವ ಮುಂಚೆ ಮಾತಾಡಿಸುವ ಆ ತಣ್ಣನೆಯ ದನಿ ಇನ್ನೂ ಹಾಗೇ ಇದೆ.

ಕರೆಂಟ್ ಕಂಬಗಳು ಹಳ್ಳಿಯವರೆಗೆ ಬಂದು ನಿಂತಿದ್ದವು. ಹಳ್ಳಿಗೂ ಗುಡ್ಡಕ್ಕೂ ನಡುವೆ ಇಬ್ಬರು ಅಣ್ಣತಮ್ಮಂದಿರ ಜಮೀನು. ಕಂಬ ಅಣ್ಣನ ಗದ್ದೆಯಲ್ಲಿ ಹೋಗಲಿ ಅಂತ ತಮ್ಮ, ತಮ್ಮನ ಗದ್ದೆಯಲ್ಲಿ ಹೋಗಲಿ ಅಂತ ಅಣ್ಣ. ಇಬ್ಬರೂ ಅಮ್ಮೋರಿಗೆ ಅಡ್ಡಬೀಳುವವರೇ. ಕಂಬಕ್ಕೆ ಮಾತ್ರ ಜಾಗ ಬಿಡರು. ಗುಡ್ಡದ ಬುಡದಲ್ಲಿ ಯಾರೋ ಪುಣ್ಯಾತ್ಮರು ಬೋರ್‌ವೆಲ್ ಕೊರೆಸಿಕೊಟ್ಟಿದ್ದರು. ಕರೆಂಟಿಲ್ಲದೆ ಅದು ನೆಲದಲ್ಲಿ ಬರೀ ತೂತಾಗಿ ಕೂತಿತ್ತು. ಅಮ್ಮೋರು ಕಾಲುವೆಯಿಂದ ಕೊಡದಲ್ಲಿ ನೀರು ಹೊರುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಒಬ್ಬ ಕಿರಿಯ ಅಮ್ಮೋರು ಕೊಡದ ಸಮೇತ ಬಂಡೆಯ ಮೇಲೆ ಜಾರಿ ಕೈ ಮುರಿದುಕೊಂಡರು. ಮಳೆಗಾಲದಲ್ಲಿ ಇವರಿಗೆ ವರ್ಷಾವಾಸ ಅಂತ ವ್ರತ. ತಿಂಗಳುಗಟ್ಟಲೆ ವಿಹಾರದಲ್ಲೇ ಇರಬೇಕು. ಈ ಸಲ ಅದು ಶುರುವಾಗುವ ಮೊದಲು ಗುಡ್ಡಕ್ಕೆ ನೀರು ಹತ್ತಲೇಬೇಕು ಅಂತ ನನಗೆ ಕರೆ ಬಂತು.

ಬೇಡ ಅನ್ನುವ ಗಿರಾಕಿ

ನಮ್ಮ ಗಿರಾಕಿಗಳ ಸ್ವಭಾವ ನನಗೆ ಗೊತ್ತು. ಎರಡು ಲೈಟಿಗೆ ಸೋಲಾರ್ ಹಾಕಿಸಿಕೊಂಡು, ನಾನು ಬೈಕ್ ಹತ್ತುವಷ್ಟರಲ್ಲಿ ಅದಕ್ಕೇ ರಾಗಿ ಮಿಲ್ಲು ಸಿಕ್ಕಿಸುವವರು. ಹಾಗಾಗಿ ಪಂಪಿನ ವಿಚಾರ ಮುಗಿದ ಮೇಲೆ ಧೈರ್ಯವಾಗಿ ಕೇಳಿದೆ.

"ಲೈಟು ಎಷ್ಟು ಬೇಕಮ್ಮ?"

"ಒಂದು ಸಾಕು," ಅಂದರು ದೊಡ್ಡಮ್ಮೋರು.

"ಇಷ್ಟು ಜಾಗಕ್ಕೆ ಒಂದೇನಾ?"

"ನಾವೆಲ್ಲ ಒಂದೇ ಕಡೆ ಕೂರ್ತೀವಲ್ಲ."

"ಫ್ಯಾನು?"

"ಗಾಳಿ ಇದೆಯಲ್ಲ."

"ಫ್ರಿಡ್ಜ್?"

"ಮಧ್ಯಾಹ್ನದ ಮೇಲೆ ನಾವು ಊಟ ಮಾಡಲ್ಲ. ಉಳಿಯೋದೇ ಇಲ್ಲ. ಒಳಗೆ ಇಡೋದೇನನ್ನ?"

ಮಿಕ್ಸಿ ಅಂದೆ. ಒರಳಿನ ಕಡೆ ಕೈ ತೋರಿಸಿದರು. ಟೀವಿ ಅಂದೆ. ಕಿಟಕಿಯ ಕಡೆ ತೋರಿಸಿದರು. ಅಲ್ಲಿ ಹಸುವೊಂದು ಮೇಯುತ್ತಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಹೊತ್ತು ನಾನೂ ನೋಡಿದೆ.

ಬಡಿದಾಡಿ ಬಡಿದಾಡಿ ಅವರನ್ನು ಮೂರು ಲೈಟಿಗೆ ಒಪ್ಪಿಸುವ ಹೊತ್ತಿಗೆ ನನಗೆ ಬೆವರು ಇಳಿದಿತ್ತು. ನಮ್ಮ ಫಿಟ್ಟರ್ ತಾಂಡವಪುರದವನು. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಸಾ, ಏಳಿ ಓಗವ. ಇನ್ನೊಂದ್ ಗಳಿಗೆ ಇಲ್ಲೇ ಕುಂತ್ರೆ, ಈ ಯಮ್ಮ ನಮ್ ಅಂಗಡೀನೂ ಬ್ಯಾಡ ಅಂತ ಬುಡುಸ್ಬುಡ್ತಾರೆ!"

ಗ್ಯಾರಂಟಿ

ಹೊರಡುವ ಮುಂಚೆ ಪ್ಯಾನೆಲ್ಲಿನ ಗುಣಗಾನ ಮಾಡುವುದು ನನ್ನ ಅಭ್ಯಾಸ. "ಇಪ್ಪತ್ತೈದು ವರ್ಷ ಗ್ಯಾರಂಟಿ ಅಮ್ಮ. ಏನೂ ಆಗಲ್ಲ. ಕಲ್ಲಿದ್ದ ಹಾಗಿರ್ತದೆ."

ದೊಡ್ಡಮ್ಮೋರು ನಕ್ಕರು. "ಕಲ್ಲೂ ಇರಲ್ಲಪ್ಪ. ನೀವೂ ಇರಲ್ಲ, ನಾನೂ ಇರಲ್ಲ. ಎಲ್ಲವೂ ಅನಿತ್ಯ."

ಎದುರಿಗೆ ಕೂತು ಹೀಗಂದುಬಿಟ್ಟರೆ ವ್ಯಾಪಾರಸ್ಥ ಏನು ಹೇಳಬೇಕು? "ಆದರೂ ಕಂಪ್ನಿಯೋರು ಬರೆದು ಕೊಡ್ತಾರೆ ಅಮ್ಮ," ಅಂದೆ.

"ಬರೆದದ್ದೂ ಅನಿತ್ಯವೇ."

ನನಗೆ ರೇಗಿತು. ಫಿಟ್ಟರ್ ಮಾತ್ರ ಭಕ್ತಿಯಿಂದ ಕೈ ಮುಗಿದ. "ನೀವ್ ಯೋಳೋದು ದಿಟ ಕಣ್ರಮ್ಮ. ನಾವು ಕೆಟ್ಟೋದ್ ಬ್ಯಾಟ್ರಿ ತಕಂಡೋದಾಗ ಕಂಪ್ನಿಯೋರೂ ಇದ್ನೇ ಯೋಳೋದು."

ಟ್ರ್ಯಾಕ್ಟರಿನಲ್ಲಿ ಅಜ್ಜಿ

ಪ್ಯಾನೆಲ್ಲುಗಳು ಹಳ್ಳಿಯವರೆಗೆ ವ್ಯಾನಿನಲ್ಲಿ ಬಂದವು. ಅಲ್ಲಿಂದ ಗುಡ್ಡದ ಬುಡಕ್ಕೆ ಟ್ರ್ಯಾಕ್ಟರೇ ಗತಿ. ಟ್ರ್ಯಾಕ್ಟರು ಆ ಅಣ್ಣತಮ್ಮಂದಿರಲ್ಲಿ ತಮ್ಮನದು. ಕಂಬಕ್ಕೆ ಜಾಗ ಬಿಡದವನು ಟ್ರ್ಯಾಕ್ಟರಿನಲ್ಲಿ ಮಾತ್ರ ಊರಿಗೆಲ್ಲ ಜಾಗ ಕೊಡುತ್ತಾನೆ. ದಾರಿಯಲ್ಲಿ ಕೈ ಅಡ್ಡ ಹಿಡಿದವರೆಲ್ಲ ಹತ್ತಿದರು. ಕೊನೆಗೆ ಕೋಳಿ ಬುಟ್ಟಿ ಹಿಡಿದ ಒಬ್ಬ ಅಜ್ಜಿ ಹತ್ತಿ, ಅಟ್ಟಿ ಪೇರಿಸಿದ್ದ ಪ್ಯಾನೆಲ್ಲುಗಳ ಮೇಲೆ ಸುಖವಾಗಿ ಕೂತರು.

ನಾನು ಎದ್ದು ಕಿರುಚಿದೆ. "ಅಜ್ಜೀ, ಏಳಿ ಮೇಲೆ! ಅದು ಗಾಜು!"

"ಗಾಜಾದ್ರೆ ಏನ್ಲಾ? ನಾನೇನ್ ಕುಣೀತಿದ್ದೀನಾ?"

ಎಷ್ಟು ಹೇಳಿದರೂ ಏಳಲಿಲ್ಲ. ಕೊನೆಗೆ ಹತಾಶನಾಗಿ, "ಅಜ್ಜೀ, ಅದು ಬಿಸಿಲಿಂದ ಕರೆಂಟ್ ಮಾಡೋದು!" ಅಂದೆ.

ಅಜ್ಜಿ ಒಂದೇ ನೆಗೆತಕ್ಕೆ ಮೂಲೆ ಸೇರಿದರು. "ಅಯ್ಯೋ ನಿನ್ ಮನೆ ಕಾಯೋಗ! ಮೊದ್ಲೇ ಯೋಳ್ಬಾರ್ದಾ? ಮಟಮಟ ಬಿಸ್ಲಲ್ಲಿ ನನ್ನ ಕರೆಂಟ್ ಮ್ಯಾಲೆ ಕುಂಡ್ರುಸ್ಕಂಡು ಬತ್ತಿದ್ದೀಯಲ್ಲೋ!"

ಪ್ಯಾನೆಲ್ ಉಳಿಯಿತು ಅಂತ ಖುಷಿಪಟ್ಟೆ. ಆ ಖುಷಿ ಗುಡ್ಡದ ಬುಡ ಮುಟ್ಟುವ ತನಕ ಮಾತ್ರ. ಪ್ಯಾನೆಲ್ ಹೊರುವುದಕ್ಕೆ ಹಳ್ಳಿಯ ಹುಡುಗರು ಸಾಲಾಗಿ ಕಾದಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಅಜ್ಜಿ ಟ್ರ್ಯಾಕ್ಟರಿನ ಮೇಲಿನಿಂದ ಕೂಗಿದರು: "ಯಾರೂ ಮುಟ್ಬ್ಯಾಡಿ ಕಣ್ರಪ್ಪೋ! ಅದ್ರಾಗೆ ಕರೆಂಟದೆ!"

ಒಬ್ಬನೂ ಮುಟ್ಟಲಿಲ್ಲ. ಏನೂ ಆಗಲ್ಲ ಅಂತ ನಾನು ಪ್ಯಾನೆಲ್ಲನ್ನು ತಬ್ಬಿಕೊಂಡು ತೋರಿಸಿದೆ. ನೀವು ಕಲಿತೋರು ಸಾ, ನಿಮಗೆ ಅಭ್ಯಾಸ ಇರ್ತದೆ ಅಂದರು. ನಾನೂ ಫಿಟ್ಟರೂ ಒಂದೊಂದಾಗಿ ಅಷ್ಟನ್ನೂ ಗುಡ್ಡ ಹತ್ತಿಸಿದೆವು. ಅಜ್ಜಿ ಕೆಳಗೆ ಹುಣಸೆಮರದ ನೆರಳಲ್ಲಿ ಕೂತು ಪ್ರತಿ ಸಲವೂ ಕಾಳಜಿಯಿಂದ ಕೂಗುತ್ತಿದ್ದರು: "ಉಷಾರು ಕಣ್ರಪ್ಪಾ! ಚಪ್ಲಿ ಬುಡ್ಬ್ಯಾಡಿ!"

ಇರುವೆಯ ಕಡೆಯವರು

ಪ್ಯಾನೆಲ್ ನಿಲ್ಲಿಸುವುದಕ್ಕೆ ಗುಂಡಿ ತೋಡಬೇಕು. ಬಂಡೆಯ ಮಧ್ಯೆ ಮಣ್ಣಿರುವ ಜಾಗ ಹುಡುಕಿ ಫಿಟ್ಟರ್ ಹಾರೆ ಎತ್ತಿದ. "ಸ್ವಲ್ಪ ತಡೀರಿ," ಅಂದರು ದೊಡ್ಡಮ್ಮೋರು. ನೋಡಿದರೆ ಕಟ್ಟಿರುವೆಗಳ ಗೂಡು. "ಅವರ ಸಂಸಾರ ಇದೆ. ಆ ಕಡೆ ತೋಡಿ."

ಆ ಕಡೆ ಹೋದರೆ ಅಲ್ಲಿ ಓತಿಕ್ಯಾತದ ಮೊಟ್ಟೆ. ಈ ಕಡೆ ಬಂದರೆ ಎರೆಹುಳು. ಬೇರೆಲ್ಲ ಕಡೆ ಬಂಡೆ. ಗುಡ್ಡದ ಮೇಲೆ ಏನೂ ಇಲ್ಲ ಅಂದುಕೊಂಡಿದ್ದೆ; ಸಂಜೆಯ ಹೊತ್ತಿಗೆ ನಂಜನಗೂಡಿಗಿಂತ ಅಲ್ಲೇ ಜನಸಂಖ್ಯೆ ಜಾಸ್ತಿ ಅನ್ನಿಸಿತು. ಯಾರಿಗೂ ತೊಂದರೆಯಾಗದ ಜಾಗ ಒಂದೇ ಒಂದು ಸಿಕ್ಕಿತು, ಆಲದಮರದ ನೆರಳಿನಲ್ಲಿ.

"ಅಮ್ಮಾ, ಸೋಲಾರಿಗೆ ಬಿಸಿಲು ಬೇಕು!"

"ಇರುವೆಗೂ ಬೇಕಲ್ಲಪ್ಪ."

ಫಿಟ್ಟರ್ ಉಪಾಯ ಹೇಳಿದ. ದೂರದಲ್ಲಿ ಬೆಲ್ಲ ಇಟ್ಟರೆ ಇರುವೆಗಳು ತಾವಾಗೇ ಅಲ್ಲಿಗೆ ಹೋಗಿ ಸಂಸಾರ ಹೂಡುತ್ತವೆ. ಹಿಂಸೆಯಿಲ್ಲ, ಬಲವಂತವಿಲ್ಲ. ದೊಡ್ಡಮ್ಮೋರಿಗೂ ಹಿಡಿಸಿತು. ಬೆಲ್ಲದ ಅಚ್ಚನ್ನು ಬೇಲಿಯ ಹತ್ತಿರ ಇಟ್ಟು ಊರಿಗೆ ಬಂದೆವು. ಮರುದಿನ ಹೋಗಿ ನೋಡಿದರೆ ಬೆಲ್ಲ ಪೂರ್ತಿ ಖಾಲಿ. ಗೂಡಿನಲ್ಲಿ ಮಾತ್ರ ಮೊದಲಿಗಿಂತ ದುಪ್ಪಟ್ಟು ಇರುವೆ.

ಫಿಟ್ಟರ್ ತಲೆ ಕೆರೆದುಕೊಂಡ. "ಇದ್ದೋರು ಓಗಿಲ್ಲ ಸಾ. ಊಟ ಚೆಂದಾಗದೆ ಅಂತ ನೆಂಟ್ರು ಬಂದವ್ರೆ."

ಕೊನೆಗೆ ಗುಂಡಿಯೇ ಬೇಡ ಅಂತ ಬರೀ ಬಂಡೆಗೆ ಬೋಲ್ಟು ಹೊಡೆದು ಪ್ಯಾನೆಲ್ ನಿಲ್ಲಿಸಿದೆವು. ಆ ಬಂಡೆ ಕೊರೆಯುವಾಗ ನಮ್ಮ ಬ್ಯಾಟರಿ ಡ್ರಿಲ್ಲು ಸತ್ತಿತು. ಗುಡ್ಡದ ಮೇಲೆ ಆದ ಪ್ರಾಣಹಾನಿ ಅದೊಂದೇ.

ಚಾರ್ಜ್ ಆಗುತ್ತಿಲ್ಲ

ಪಂಪು ಬರುವುದು ತಡವಾಯಿತು. ಅಷ್ಟರಲ್ಲಿ ಪ್ಯಾನೆಲ್ಲಿಗೆ ಬ್ಯಾಟರಿ ಕೊಟ್ಟು ಲೈಟು ಹತ್ತಿಸಿದ್ದೆ. ಒಂದು ದಿನ ದೊಡ್ಡಮ್ಮೋರ ಫೋನು. ಗುಡ್ಡದ ತುದಿಯ ಬಂಡೆಯೊಂದರ ಮೇಲೆ ನಿಂತರೆ ಮಾತ್ರ ಅವರಿಗೆ ಸಿಗ್ನಲ್ಲು.

"ಬ್ಯಾಟರಿ ಚಾರ್ಜ್ ಆಗ್ತಿಲ್ಲಪ್ಪ."

"ಪ್ಯಾನೆಲ್ ಮೇಲೆ ಧೂಳು ಕೂತಿದೆಯಾ ಅಮ್ಮ?"

"ಇಲ್ಲ. ಬೆಳಗ್ಗೆ ತಾನೆ ಶುದ್ಧವಾಗಿ ತೊಳೆದಿದ್ದೀವಿ."

"ಮರದ ನೆರಳು?"

"ಇಲ್ಲ."

"ಹಕ್ಕಿ ಏನಾದ್ರೂ ಗಲೀಜು ಮಾಡಿದ್ಯಾ?"

"ಹಕ್ಕಿ ಹತ್ತಿರಕ್ಕೂ ಬರಲ್ಲ. ಕೋಲು ಹಿಡಿದು ಒಬ್ಬರು ಕಾಯ್ತಾನೇ ಇದ್ದಾರೆ."

ನನ್ನ ಕಣ್ಣು ತುಂಬಿ ಬಂತು. ಪ್ಯಾನೆಲ್ಲಿಗೆ ಕಾವಲು ಕೂರುವ ಗಿರಾಕಿ ಈ ಭೂಮಿಯ ಮೇಲೆ ಇನ್ನೆಲ್ಲಿದ್ದಾರೆ? ದೋಷ ವೈರಿಂಗಿನಲ್ಲೇ ಇರಬೇಕು ಅಂತ ಹೊಸ ಕಂಟ್ರೋಲರು, ಕೇಬಲ್ಲು, ಮೀಟರು ಎಲ್ಲ ಹೊತ್ತುಕೊಂಡು ಏದುಸಿರು ಬಿಡುತ್ತಾ ಗುಡ್ಡ ಹತ್ತಿದೆವು.

ಪ್ಯಾನೆಲ್ಲುಗಳ ಮೇಲೆ ಉದ್ದಕ್ಕೂ ಬಿಳಿ ಪಂಚೆ ಹಾಸಿತ್ತು. ಪಂಚೆಯ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ. ಪಕ್ಕದಲ್ಲಿ ಕೋಲು ಹಿಡಿದ ಅಮ್ಮೋರು ಕಾಗೆ ಓಡಿಸುತ್ತಿದ್ದರು.

"ಅಮ್ಮಾ! ಇದನ್ನ ಫೋನಲ್ಲಿ ಹೇಳಬಾರದಾ?"

"ನೀವು ಧೂಳು ಕೇಳಿದ್ರಿ, ನೆರಳು ಕೇಳಿದ್ರಿ, ಹಕ್ಕಿ ಕೇಳಿದ್ರಿ. ಸಂಡಿಗೆ ಕೇಳಲಿಲ್ಲ," ಅಂದರು ದೊಡ್ಡಮ್ಮೋರು, ಅದೇ ಸೂಜಿಯ ದನಿಯಲ್ಲಿ.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅಷ್ಟರಲ್ಲಿ ಫಿಟ್ಟರ್ ಒಂದು ಸಂಡಿಗೆ ಎತ್ತಿ ಬಾಯಿಗೆ ಹಾಕಿಕೊಂಡು ವರದಿ ಒಪ್ಪಿಸಿದ: "ಫುಲ್ ಚಾರ್ಜ್ ಆಗಿಲ್ಲ ಸಾ. ನಡುಮಧ್ಯ ಇನ್ನೂ ಒಸಿ ಅಸಿ ಅದೆ."

ಬಂತಾ?

ಪಂಪು ಬಂದು, ಬೋರಿಗೆ ಇಳಿದು, ಮೇಲಿನ ಪ್ಯಾನೆಲ್ಲಿಂದ ಕೇಬಲ್ಲು ಇಳಿದು, ಪೈಪು ವಿಹಾರದ ಟ್ಯಾಂಕಿನವರೆಗೆ ಗುಡ್ಡ ಹತ್ತುವ ಹೊತ್ತಿಗೆ ವ್ರತಕ್ಕೆ ಒಂದೇ ದಿನ ಉಳಿದಿತ್ತು. ನಡುವೆ ಮಳೆ ಹೊಳವಾಗಿ ಬಿಸಿಲು ಬಿದ್ದಿದ್ದರೂ ಪಡುವಣದಲ್ಲಿ ಮೋಡ ಏರುತ್ತಿತ್ತು. ಇವತ್ತು ನೀರು ಹತ್ತದಿದ್ದರೆ ಮಳೆಗಾಲ ಪೂರ್ತಿ ಅದೇ ಕೊಡ, ಅದೇ ಜಾರುಬಂಡೆ.

ದೊಡ್ಡಮ್ಮೋರು ಕೆಳಗಿಳಿದು ಬಂದು ಕೈ ಮುಗಿದರು. ನಾನು ಗಡಿಬಿಡಿಯಲ್ಲೇ ಹೇಳಿದೆ: "ಅಮ್ಮಾ, ಇಲ್ಲಿಂದ ಟ್ಯಾಂಕು ಕಾಣಲ್ಲ, ಫೋನಿಗೆ ಸಿಗ್ನಲ್ ಇಲ್ಲ. ನೀವು ಮೇಲೆ ಟ್ಯಾಂಕಿನ ಹತ್ತಿರ ನಿಂತಿರಿ. ನಾನು ಕೂಗಿ ಕೇಳ್ತೀನಿ, ನೀರು ಬಂದ ತಕ್ಷಣ ಹೇಳಿಬಿಡಿ." ಅವರು ತಲೆಯಾಡಿಸಿ ಮೇಲೆ ಹೋದರು.

ಸ್ವಿಚ್ ಹಾಕಿದೆ. ಪಂಪು ಗುಂಯ್ ಅಂತು. ಸ್ವಲ್ಪ ಹೊತ್ತು ಬಿಟ್ಟು ಕೂಗಿದೆ: "ಅಮ್ಮಾ, ಬಂತಾ?"

ಉತ್ತರವಿಲ್ಲ.

"ಬಂತಾ ಅಮ್ಮಾ?"

ಇಲ್ಲ. ಫಿಟ್ಟರ್ ಎರಡೂ ಕೈ ಬಾಯಿಗೆ ಹಿಡಿದು, ಕಾಲುವೆಯಾಚೆಯ ಕೊಕ್ಕರೆಗಳೆಲ್ಲ ಎದ್ದುಹೋಗುವ ಹಾಗೆ ಅರಚಿದ: "ಅಮ್ಮೋರೇ! ಬಂತ್ರಾ?"

ಗುಡ್ಡ ತೆಪ್ಪಗಿತ್ತು.

ಪಂಪು ನಿಲ್ಲಿಸಿ ಬುಡದ ಜಾಯಿಂಟು ಬಿಚ್ಚಿದರೆ ನೀರು ಮುಖಕ್ಕೆ ರಾಚಿತು. ಪೈಪಿನಲ್ಲಿ ನೀರಿದೆ, ಮೇಲಕ್ಕೆ ಏರುತ್ತಿಲ್ಲ ಅಂದುಕೊಂಡು ಮತ್ತೆ ಜೋಡಿಸಿ ಸ್ವಿಚ್ ಹಾಕಿದೆ. ಮತ್ತೆ ಕೂಗಿದೆ. ಮತ್ತೆ ಇಲ್ಲ. ಗಲಾಟೆ ಕೇಳಿ ಅಣ್ಣತಮ್ಮಂದಿರಿಬ್ಬರೂ ಬಂದರು. ಪಂಪು ಚಿಕ್ಕದಾಯ್ತು ಅಂದ ಅಣ್ಣ. ಪಂಪು ಸರಿಯಾಗೇ ಅದೆ, ಪೈಪು ದಪ್ಪ ಆಯ್ತು ಅಂದ ತಮ್ಮ. ನಿಂಗೇನ್ ಗೊತ್ಲಾ ಅಂದ ಅಣ್ಣ. ಅವರ ಜಗಳ ಗದ್ದೆ ಬದುವಿನವರೆಗೆ ಹೋಯಿತು. ನಾನು ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಳುವುದೊಂದು ಬಾಕಿ.

ಆಗ ಬಂಡೆಯ ಮೇಲಿಂದ ಸಣ್ಣಗೆ ನೀರು ಹರಿದು ಬಂತು. ನೋಡನೋಡುತ್ತಿದ್ದ ಹಾಗೆ ಹತ್ತುವ ದಾರಿಯ ಮೇಲೆಲ್ಲ ಇಳಿಯತೊಡಗಿತು.

ಅಣ್ಣ ಜಗಳ ನಿಲ್ಲಿಸಿ ಆಕಾಶ ನೋಡಿದ. "ಓಹ್, ಗುಡ್ಡದ್ ಮ್ಯಾಲೆ ಆಗ್ಲೇ ಮಳೆ ಉಯ್ತಾ ಅದೆ ಕಣ್ಲಾ."

"ಉಂ ಕಣಣ್ಣ, ಜೋರಾಗೇ ಉಯ್ತಾ ಅದೆ," ಅಂದ ತಮ್ಮ. ಹುಟ್ಟಿದಾಗಿನಿಂದ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ ಇರಬೇಕು.

ಮಳೆಯಲ್ಲಿ ವೈರಿಂಗು ನೆನೆಯಿತಲ್ಲಪ್ಪಾ ಅಂತ ಬಿದ್ದಂಬೀಳ ಹತ್ತಿದೆ. ಮೇಲೆ ಚುರುಗುಟ್ಟುವ ಬಿಸಿಲು. ಟ್ಯಾಂಕು ತುಂಬಿ ನಾಲ್ಕೂ ಕಡೆ ಧುಮುಕುತ್ತಿತ್ತು. ಅಮ್ಮೋರೆಲ್ಲ ತೊಪ್ಪನೆ ತೊಯ್ದು, ಕೊಡ, ಬಿಂದಿಗೆ, ಪಾತ್ರೆ, ಕೊನೆಗೆ ಲೋಟ ಸಹಿತ ತಂದು ಹಿಡಿಯುತ್ತಿದ್ದರು. ಎಲ್ಲರ ಮುಖದ ತುಂಬ ನಗು, ಒಬ್ಬರ ಬಾಯಲ್ಲೂ ಸದ್ದಿಲ್ಲ. ಹಿಂದಿನ ವರ್ಷ ಕೈ ಮುರಿದುಕೊಂಡ ಕಿರಿಯ ಅಮ್ಮೋರು ಆ ಕೈಯನ್ನು ನೀರಿನ ಕೆಳಗೆ ಒಡ್ಡಿ ಸುಮ್ಮನೆ ನಿಂತುಬಿಟ್ಟಿದ್ದರು. ದೊಡ್ಡಮ್ಮೋರು ನಾನು ಹೇಳಿದ ಜಾಗದಲ್ಲೇ ನಿಂತಿದ್ದರು, ನನ್ನ ದನಿ ಬರುತ್ತಿದ್ದ ಕಡೆಗೆ ಮುಖ ಮಾಡಿ. ನನ್ನನ್ನು ಕಂಡವರೇ ಹೌದು ಹೌದು ಅಂತ ತಲೆಯಾಡಿಸಿದರು. ಅಷ್ಟು ಹೊತ್ತೂ, ನಾನು ಕೂಗಿದಾಗಲೆಲ್ಲ, ಪಾಪ ಹಾಗೇ ತಲೆಯಾಡಿಸಿಕೊಂಡು ನಿಂತಿದ್ದರು.

ಆಮೇಲೆ ಬೆರಳೆತ್ತಿ ಬಾಗಿಲ ಕಡೆ ತೋರಿಸಿದರು. ಅಲ್ಲೊಂದು ಹಲಗೆ ನೇತಾಡುತ್ತಿತ್ತು: ಇಂದು ಮೌನದಿನ.

ಒದ್ದೆ ಬಂಡೆಯ ಮೇಲೆ ಕೂತು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕೂಗಾಡಿ ಹೊರಗೆ ಹಾಕಿದೆ. ಎದುರು ಮಾತಾಡದ ಜನರ ಮುಂದೆ ಎಷ್ಟು ಹೊತ್ತು ಕೂಗಾಡುವುದಕ್ಕಾಗುತ್ತದೆ? ಅವರು ಅಷ್ಟನ್ನೂ ಶಾಂತವಾಗಿ ಕೇಳಿ, ನನಗೊಂದು ಲೋಟ ನೀರು ಕೊಟ್ಟರು. ತಣ್ಣಗಿತ್ತು. ಕುಡಿದೆ. ಸುಮ್ಮನಾದೆ.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಫೋನು ಬಂತು. ದೊಡ್ಡಮ್ಮೋರು. ನಮಸ್ಕಾರವಿಲ್ಲ, ಕುಶಲವಿಲ್ಲ.

"ನಿನ್ನೆ ಕೇಳಿದ್ರಲ್ಲ," ಅಂದರು, "ಬಂತು."