ಕೆತಿಲ್ ನಾಯಕನನ್ನು ಬದಲಿಸಿದ್ದು

ಎಲ್ಲದಕ್ಕೂ ಕಾರಣ ಒಂದು ಬಾನಿ ಗಟ್ಟಿ ಮೊಸರು.

ನಾಯಕ ಥೋರ್‌ಗ್ರಿಮ್ ಹನ್ನೆರಡು ಆಳುಗಳನ್ನು ಕಟ್ಟಿಕೊಂಡು "ಸುಮ್ನೆ ನೋಡ್ಕೊಂಡು ಹೋಗೋಣ ಅಂತ" ರೈತ ಕೆತಿಲ್‌ನ ಮನೆಗೆ ಬಂದವನು ಐದು ದಿನ ಕೂತುಬಿಟ್ಟ. ಹೋಗುವಾಗ ಮಕ್ಕಳಿಗೆಂದು ಎತ್ತಿಟ್ಟಿದ್ದ ಕೊನೆಯ ಬಾನಿಯನ್ನೂ ಬಳಿದು ತಿಂದ.

"ಇನ್ನೊಂದ್ಸಲ ಆ ಮನುಷ್ಯ ಬಂದ್ರೆ, ನಿಮ್ಮ ಚರ್ಮದ ಬೂಟನ್ನೇ ಬೇಯಿಸಿ ಬಡಿಸ್ತೀನಿ," ಎಂದಳು ಹೆಂಡತಿ ಗ್ರೋವಾ.

ಐಸ್‌ಲ್ಯಾಂಡಿನಲ್ಲಿ ಆಗ ರಾಜನೆಂಬುವನಿರಲಿಲ್ಲ. ರೈತ ತನ್ನ ನಾಯಕನನ್ನು ತಾನೇ ಆರಿಸಿಕೊಳ್ಳುತ್ತಿದ್ದ; ಬೇಡವೆನಿಸಿದರೆ ವರ್ಷಕ್ಕೊಮ್ಮೆ, ವಸಂತದ ಸಭೆಯಲ್ಲಿ, ಸಾಕ್ಷಿಗಳೆದುರು ಬಿಟ್ಟುಬಿಡಬಹುದಿತ್ತು. ಆ ವರ್ಷದ ಸಭೆ ಮರುದಿನವೇ ಇತ್ತು. ಕೆತಿಲ್ ಹೊಳೆಯಾಚೆಯ ನಾಯಕ ಸ್ಕೆಗ್ಗಿಯನ್ನು ಮನಸ್ಸಿನಲ್ಲೇ ಆರಿಸಿಕೊಂಡ. ಸ್ಕೆಗ್ಗಿಗೆ ಹೊಟ್ಟೆಹುಣ್ಣು, ಗಂಜಿ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲವಂತೆ. ಇದಕ್ಕಿಂತ ಒಳ್ಳೆಯ ನಾಯಕ ಎಲ್ಲಿ ಸಿಕ್ಕಾನು?

ಸಾಕ್ಷಿಗೆ ನೆರೆಯ ಬೆರ್ಸಿ ಮತ್ತು ಗ್ಲೂಮ್ ಹೊರಟರು. ಬೆರ್ಸಿಗೆ ಮಂಡಿನೋವು, ಹಾಗಾಗಿ ಕೆತಿಲ್‌ನ ಕುದುರೆ ಅವನ ಪಾಲಾಯಿತು. ಗ್ಲೂಮ್‌ಗೆ ಒಂಟಿಯಾಗಿ ನಡೆಯಲು ಬೇಜಾರು, ಅವನೂ ಹಿಂದೆ ಹತ್ತಿದ. ಕೆತಿಲ್ ಸೊಂಟದವರೆಗಿನ ಹಿಮದ ನೀರಿನಲ್ಲಿ ಹೊಳೆ ದಾಟಿ, ಒಗೆದು ಹಿಂಡದ ಕಂಬಳಿಯಂತೆ ಸಭೆ ಸೇರಿದ.

ಕಾನೂನಿನ ಮಾತುಗಳನ್ನು ತಪ್ಪಿಲ್ಲದೆ ಹೇಳಬೇಕು. ಅವನ ಹಲ್ಲುಗಳೋ ಕಟಕಟ ಎನ್ನುತ್ತಿದ್ದವು.

"ನಾನು ಕೆ... ಕೆ... ಕೆತಿಲ್..."

"ಮೂರು ಕೆತಿಲ್ ಆಯ್ತಲ್ಲೋ! ಅದರಲ್ಲಿ ಬಿಟ್ಟು ಹೋಗ್ತಿರೋನು ಯಾವನು?" ಎಂದ ಗ್ಲೂಮ್. "ಮೊದಲಿಂದ ಹೇಳು."

ಮೂರನೆಯ ಸಲ, ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆತಿಲ್ ಒಂದೇ ಉಸಿರಿಗೆ ಹೇಳಿ ಮುಗಿಸಿದ: ಥೋರ್‌ಗ್ರಿಮನನ್ನು ಬಿಟ್ಟೆ, ಸ್ಕೆಗ್ಗಿಯ ನಾಯಕತನಕ್ಕೆ ಸೇರಿದೆ! ಸಾಕ್ಷಿಗಳು ತಲೆಯಾಡಿಸಿದರು.

ಥೋರ್‌ಗ್ರಿಮ್ ಕತ್ತಿಗೆ ಕೈ ಹಾಕುತ್ತಾನೇನೋ ಎಂದುಕೊಂಡರೆ, ಎದ್ದು ಬಂದು ಅಪ್ಪಿಕೊಂಡ.

"ಬಾರೋ ನಮ್ಮಪ್ಪ, ಬಾ!"

"ಸ್ಕೆಗ್ಗಿ ನಾಯಕ್ರೆಲ್ಲಿ?"

"ನಾರ್ವೆ ಹಡಗು ಹತ್ತೋಕೆ ಹೋದ. ಬೆಳಗ್ಗೆನೇ ಅವನ ನಾಯಕತನ ನಾನು ಕೊಂಡ್ಕೊಂಡೆ."

"ಮಾ... ಮಾರಿಬಿಟ್ರಾ?"

"ಯಾಕೆ, ನೀನು ಹಸು ಮಾರಲ್ವಾ? ಬಿಡೋಕೆ ನಿನಗೆ ಸ್ವಾತಂತ್ರ್ಯ, ಮಾರೋಕೆ ಅವನಿಗೆ, ಕೊಳ್ಳೋಕೆ ನನಗೆ. ಇಂಥಾ ದೇಶ ಇನ್ನೆಲ್ಲಿದೆ ಹೇಳು!"

ಕೆತಿಲ್ ಸಾಕ್ಷಿಗಳತ್ತ ತಿರುಗಿದ. ಬೆರ್ಸಿ ಕುದುರೆಯ ಮೇಲಿಂದಲೇ ಅಂದ, "ನಂಗೊತ್ತಿತ್ತು, ಇಲ್ಲಿಗೆ ಬಂದ ಕೂಡ್ಲೇ ಯಾರೋ ಅಂದ್ರು. ನೀನು ಕೇಳ್ಲೇ ಇಲ್ವಲ್ಲ."

"ನಾಳೆನೇ ನಿಮ್ಮನೆಗೆ ಬರ್ತೀವಿ ಕಣೋ," ಎಂದ ಥೋರ್‌ಗ್ರಿಮ್. "ಈಗ ಸ್ಕೆಗ್ಗಿಯ ಹತ್ತು ಜನಾನೂ ನಮ್ಮೋರೇ. ಪಾಪ, ಇಷ್ಟು ವರ್ಷ ಬರೀ ಗಂಜೀಲೇ ಇದ್ದೋರು."

"ಬರೋ ವಸಂತಕ್ಕೆ ಬೇರೆಯವರನ್ನ ಆರಿಸ್ಕೋತೀನಿ!" ಕೆತಿಲ್ ಚೀರಿದ.

"ಧಾರಾಳವಾಗಿ ಆರಿಸ್ಕೋ ಮಾರಾಯ, ಅದು ನಿನ್ನ ಹಕ್ಕು," ಥೋರ್‌ಗ್ರಿಮ್ ಅವನ ಒದ್ದೆ ಬೆನ್ನು ಸವರಿದ. "ಯಾರನ್ನ ಅಂತ ಮಾತ್ರ ಸ್ವಲ್ಪ ಮುಂಚೇನೇ ಹೇಳು. ಕೊಂಡ್ಕೊಳ್ಳೋಕೆ ನಂಗೂ ಪುರುಸೊತ್ತು ಬೇಕಲ್ವಾ?"